ಕೆಂಪಲ್ಲದ ರಕ್ತ

"ಚಡ್ಡಿ ಇಳಿಸೇ. ರಕ್ತ ನೋಡ್ದೆ ರಜಾ ಬರ್ಕೊಡೋಕೆ ನಾನೇನ್ ನಿನ್ನ ನಾದಿನೀನಾ?"

ಎಣ್ಣೆತಾಳೆ ತೋಟದ ದವಾಖಾನೆಯ ನರ್ಸ್ ಬಾಗಿಲನ್ನೂ ಮುಚ್ಚಿರಲಿಲ್ಲ. ಹೊರಗೆ ಬೆಂಚಿನಲ್ಲಿ ಗಂಡಸರು ಕೂತಿದ್ದರು. ನಮ್ಮ ಹೆಂಗಸರಿಗೆ ಕೂಲಿ ಮುರಿಯದೆ ಸಿಗುವುದು ಮುಟ್ಟಿನ ರಜೆಯೊಂದೇ. ಅದಕ್ಕೆ ಬಿಚ್ಚಿ ತೋರಿಸಬೇಕು. ಅವ್ವ ಬಿಚ್ಚಲಿಲ್ಲ. ಕೈಯಲ್ಲಿದ್ದ ಟವೆಲಿನ ಮಡಿಕೆ ತೆರೆದಳು.

"ಮುಟ್ಟು ನಿಂತೋಗ್ಯದೆ ತಾಯಿ. ಬೆಳಿಗ್ಗೆ ಹಿಂಗ್ ಕಾರ್ಕೊಂಡೆ. ಮೇಸ್ತ್ರಿ ಕೊಡೋ ನೋವಿನ ಗುಳಿಗೆ ಹೊಟ್ಟೆ ಕೊರೀತದೆ."

"ಥೂ! ಕಾಫಿ ಗಸಿ ಕಣೇ ಇದು. ಲೋಟದ ತಳ ನೆಕ್ಕೋ ಚಾಳಿ ಬಿಡ್ರೇ!"

"ಕಾಫಿ ಮುಟ್ಟಿ ವಾರಾಯ್ತು."

"ರಕ್ತ ಕೆಂಪಗಿರುತ್ತೆ. ಮಗಳು ಮೇದಾನ್ ಪಟ್ಟಣದಲ್ಲಿ ಓದಿದಾಳಂತಲ್ಲ, ಕೇಳು."

ಹೊಟ್ಟೆಯ ಹುಣ್ಣಿನಿಂದ ಒಸರಿದ ರಕ್ತ ಹೀಗೇ ಕಪ್ಪಾಗುತ್ತದೆ. "ಅದು... ಕಪ್ಪೂ ಆಗುತ್ತೆ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ನರ್ಸ್ ಅವ್ವನ ಅಂಗೈಗೆ ಅದೇ ಬಿಳಿ ಗುಳಿಗೆ ಹಾಕಿದಳು. "ಹೊಟ್ಟೆನೋವಿಗೂ ಇದೇ. ನಡಿ."

"ನುಂಗಬೇಡವ್ವಾ."

"ನುಂಗ್ದಿದ್ರೆ ಸೊಂಟ ಏಳಲ್ಲ, ನುಂಗಿದ್ರೆ ಹೊಟ್ಟೆ ಬಿಡಲ್ಲ. ಯಾರಿಗಂತ ಜವಾಬು ಹೇಳ್ಲಿ ಮಗಾ?"

ಮರುದಿನ ನಸುಕಿನ ಹಾಜರಿಗೆ ಅವ್ವನ ಜೊತೆ ನಾನೂ ಹೋದೆ. ಅಲ್ಲಿ ಮೇಸ್ತ್ರಿ ತುಗಿಮನ್ ಸಾಲಿನುದ್ದಕ್ಕೂ ಒಬ್ಬೊಬ್ಬಳ ನಾಲಿಗೆಗೆ ಗುಳಿಗೆ ಇಡುತ್ತ ಬಂದ. ಅನ್ನದ ಡಬ್ಬಿ ತೆರೆಯುವುದು ಮೊದಲ ಮರಸಾಲಿನ ಹಣ್ಣು ಆಯ್ದ ಮೇಲೆ; ಅಲ್ಲಿಯವರೆಗೆ ಖಾಲಿ ಹೊಟ್ಟೆ. ಗುಳಿಗೆ ಕರಗಿದರೆ ಮಂಡಿಯ ಉರಿ ಆರುತ್ತದೆ, ಚೀಲ ಹಗುರಾಗುತ್ತದೆ. ಅವ್ವನಿಗೆ ಈಚೆಗೆ ಉಚ್ಚೆ ಸರಿಯಾಗಿ ಹೋಗುತ್ತಿರಲಿಲ್ಲ. ಬಾತ ಪಾದಗಳು ಬೂಟಿಗೆ ಹಿಡಿಸುತ್ತಿರಲಿಲ್ಲ.

"ಏನೇ ಪೋನಿಯೆಂ, ಮುಖ ತುಂಬ್ಕೊಂಡೈತೆ! ಕಂಪನಿ ಅಕ್ಕಿ ಮೈಗ್ ಹತ್ತೈತೆ ಬಿಡು. ನಾಲಿಗೆ ಚಾಚು."

ಸಾಲಿನಲ್ಲಿ ಯಾರೋ ನಕ್ಕರು. ಅವ್ವ ಚಾಚಿದಳು, ನುಂಗಿದಳು. ಲಾರಿ ಹತ್ತಲು ಕಾಲೆತ್ತಿದವಳು ಗಾಲಿಯ ಪಕ್ಕ ಕುಸಿದಳು. ಬಾಯಿಂದ ಕಪ್ಪನೆಯದು ಬುಳುಬುಳು ಬಂತು.

"ಗಾಡಿ ಕೊಡಿ! ಆಸ್ಪತ್ರೆಗೆ ಒಯ್ಯಬೇಕು!" ಈ ಸಲ ಎಲ್ಲರಿಗೂ ಕೇಳಿಸಿತು.

"ಗಾಡಿ ಇರೋದು ಹಣ್ಣು ಹೊರೋಕೆ. ಅವಳ ಮರದ ಸಾಲು ಖಾಲಿ ಬಿಡಕ್ಕಾಗಲ್ಲ, ನೀನ್ ಹಿಡ್ಕೊ. ಮುಗಿಸಿದ್ಮೇಲೆ ಗಾಡಿ ನೋಡಾಣ. ಬಾಯ್ ತೆಗಿ."

"ನನಗೆ ನೋವಿಲ್ಲ."

"ಬರ್ತೈತೆ."

ನೆಲದಲ್ಲಿ ಬಿದ್ದಿದ್ದ ಅವ್ವ ನನ್ನತ್ತ ನೋಡುತ್ತಿದ್ದಳು. ಬಾಯಿ ತೆರೆ ಎನ್ನುತ್ತಿದ್ದಳೋ ಬೇಡವೆನ್ನುತ್ತಿದ್ದಳೋ, ತಿಳಿಯಲಿಲ್ಲ. ನಾನು ಹಲ್ಲು ಕಚ್ಚಿದೆ. ತುಗಿಮನ್ ಗುಳಿಗೆಯನ್ನು ತುಟಿಗೆ ಒತ್ತಿ ಹಿಡಿದ. ಇಬ್ಬರೂ ಅಲ್ಲಾಡಲಿಲ್ಲ. ಲಾರಿ ಗುರುಗುಡುತ್ತಲೇ ಇತ್ತು.

ತುಟಿಯ ಸಂದಿನಲ್ಲಿ ಗುಳಿಗೆ ಕರಗತೊಡಗಿತು.