ಚುಟ್ಟಾ ಕಾರ್ಖಾನೆಯ ಕೊಲೆಗಾರ

ಪಿನಾರ್ ದೆಲ್ ರಿಯೊದ ಆ ಚುಟ್ಟಾ ಕಾರ್ಖಾನೆಯಲ್ಲಿ ಒದಾಲಿಸ್ ಫೊಂತಾನಿಲ್ಸ್‌ಳ ಕೆಲಸ ಓದುವುದು. ಸಾಲು ಮೇಜುಗಳಲ್ಲಿ ಜನ ತಲೆ ತಗ್ಗಿಸಿ ಹೊಗೆಸೊಪ್ಪು ಸುತ್ತುತ್ತಿದ್ದರೆ, ಅವಳು ಎತ್ತರದ ಕಟ್ಟೆಯ ಮೇಲೆ ಕುಳಿತು ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ ಓದಬೇಕು. ಯಾವ ಕಾದಂಬರಿ ಎಂಬುದನ್ನು ಸುತ್ತುವವರೇ ಕೈಯೆತ್ತಿ ಆರಿಸುತ್ತಾರೆ. ಓದು ಹಿಡಿಸಿದರೆ ಎಲೆ ಕತ್ತರಿಸುವ ಅಲಗಿನಿಂದ ಮೇಜು ಕುಟ್ಟುತ್ತಾರೆ. ಹಿಡಿಸದಿದ್ದರೆ ಅಲಗನ್ನು ನೆಲಕ್ಕೆ ಬಿಡುತ್ತಾರೆ. ಹೀಗೆ ಪದೇ ಪದೇ ಆದರೆ ಓದುವವಳನ್ನೂ ಕೈಯೆತ್ತಿಯೇ ಬದಲಾಯಿಸುತ್ತಾರೆ. ಒಳ್ಳೆಯ ಜನ, ಆದರೆ ಸಾಹಿತ್ಯದ ವಿಷಯದಲ್ಲಿ ದಯೆ ದಾಕ್ಷಿಣ್ಯ ಇಲ್ಲ.

ಆ ಸಲ ಗೆದ್ದದ್ದು ಮಹಾಮಾರಿಯ ಕಾಲದ ಒಂದು ಪತ್ತೇದಾರಿ ಕಾದಂಬರಿ. ಬಂದರಿನ ಊರು, ಕರ್ಫ್ಯೂ, ತುಂಬಿ ತುಳುಕುವ ಆಸ್ಪತ್ರೆ. ಅಲ್ಲಿ ಯಾರೋ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಿದ್ದಾರೆ. ಎಲ್ಲರ ಮುಖಕ್ಕೂ ಮಾಸ್ಕ್ ಇರುವುದರಿಂದ ಯಾರೆಂದು ತಿಳಿಯದು. ಹೇಗೂ ಜನ ಸಾಯುತ್ತಿರುವುದರಿಂದ ಕೊಲೆಯೆಂದೂ ತಿಳಿಯದು. ಇದಕ್ಕೆ ಕೈಯೆತ್ತಿದವರಲ್ಲಿ ಎವೆಲಿಯೊ ಕೂಡ ಇದ್ದ. ಅವನ ಹೆಂಡತಿ ನಿಯೆವೆಸ್ ಪಕ್ಕದ ಮೇಜಿನಲ್ಲೇ ಸುತ್ತುತ್ತಿದ್ದವಳು, ಅದೇ ಕಾಯಿಲೆಗೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಅವನೆದುರು ಅವಳ ಹೆಸರನ್ನು ಯಾರೂ ಎತ್ತಿರಲಿಲ್ಲ. ಪಾಪ, ನಾಲ್ಕು ಜನರ ಆಸೆಗೆ ಅಡ್ಡ ಬರಬಾರದೆಂದು ಕೈಯೆತ್ತಿದ್ದಾನೆ ಎಂದುಕೊಂಡಳು ಒದಾಲಿಸ್.

ಮರುದಿನದ ಪಾಲನ್ನು ಮನೆಯಲ್ಲಿ ಒಮ್ಮೆ ಓದಿ ನಾಲಗೆಗೆ ಹದ ಮಾಡಿಕೊಳ್ಳುವುದು ಅವಳ ರೂಢಿ. ಈಗ ಆ ನೆಪದಲ್ಲಿ ಕುಳಿತಳೆಂದರೆ ಒಲೆಯ ಮೇಲಿನ ಕಪ್ಪು ಬೀನ್ಸ್ ತಳ ಹಿಡಿಯುತ್ತಿತ್ತು. ನಿಜವಾದ ಕರ್ಫ್ಯೂ ಇದ್ದಾಗ ದಿನವೂ ಅದಕ್ಕೆ ಹಿಡಿಶಾಪ ಹಾಕಿದವಳು ಅವಳು. ಪುಸ್ತಕದ ಕರ್ಫ್ಯೂ ಮಾತ್ರ ಬೇಗ ಮುಗಿಯದಿದ್ದರೆ ಸಾಕು ಎನಿಸುತ್ತಿತ್ತು. ಇದು ನಾಚಿಕೆಗೇಡು ಎಂದು ಅವಳಿಗೂ ಗೊತ್ತಿತ್ತು. ನಾಚಿಕೊಂಡೇ ಪುಟ ತಿರುಗಿಸುತ್ತಿದ್ದಳು.

ಸುತ್ತುವವರಿಗೆ ಪುಸ್ತಕದ ಮೇಲೆ ಆಕ್ಷೇಪಣೆಗಳಿದ್ದವು.

"ಆ ಇನ್ಸ್‌ಪೆಕ್ಟರು ಇಷ್ಟು ದಿನದಲ್ಲಿ ಒಂದ್ಸಲಾನೂ ಬ್ರೆಡ್ಡಿನ ಕ್ಯೂನಲ್ಲಿ ನಿಂತಿಲ್ಲ," ಎಂದಳು ಮುಂದಿನ ಸಾಲಿನ ಮಿಗ್ದಾಲಿಯ. "ಹೊಟ್ಟೆಗೇನ್ ತಿಂತಾನೆ ಅವ್ನು?"

"ಸುಳಿವು ತಿಂತಾನೆ," ಎಂದ ಅವಳ ಹಿಂದೆ ಕುಳಿತ ರಿಗೊಬೆರ್ತೊ.

"ನಮ್ ಕ್ಯೂಗೆ ಬಂದಿದ್ರೆ ಒಂದೇ ದಿನಕ್ಕೆ ಕೊಲೆಗಾರ ಸಿಗ್ತಿದ್ದ. ಕ್ಯೂನಲ್ಲಿ ಗೊತ್ತಾಗ್ದೇ ಇರೋದು ಯಾವ್ದಿದೆ ಹೇಳು."

ಹೀಗೆ ಗೊಣಗಿಕೊಂಡೇ ದಿನವೂ ಮೇಜು ಕುಟ್ಟಿದರು.

ಅರ್ಧ ಪುಸ್ತಕ ದಾಟಿದ ಮೇಲೆ ಒಬ್ಬ ಮುದುಕಿ ಆಸ್ಪತ್ರೆ ಸೇರಿದಳು. ಅವಳ ಗಂಡನನ್ನು ಒಳಗೆ ಬಿಡುವುದಿಲ್ಲ. ಅವನು ಕಿಟಕಿಯ ಹೊರಗೆ ನಿಂತು, ಅವಳು ಸಾಯುವುದನ್ನು ಗಾಜಿನಲ್ಲಿ ನೋಡುತ್ತಾನೆ. ಮನೆಯಲ್ಲಿ ಅದನ್ನು ಓದಿದಾಗ ಒದಾಲಿಸ್‌ಗೆ ಎವೆಲಿಯೊನ ಮುಖವೇ ಕಣ್ಣಿಗೆ ಕಟ್ಟಿತು. ಗಾಯದ ಮೇಲೆ ಬರೆ ಎಳೆಯುವುದು ಅವಳಿಂದಾಗದು. ಮರುದಿನ ಕಟ್ಟೆಯ ಮೇಲೆ ಎರಡು ಹಾಳೆ ಒಟ್ಟಿಗೆ ಮಗುಚಿ, ದನಿ ಕದಲದಂತೆ ಮುಂದಕ್ಕೆ ಹೋದಳು. ಯಾರಿಗೂ ತಿಳಿಯಲಿಲ್ಲ. ಒಳ್ಳೆಯ ಕೆಲಸ ಮಾಡಿದೆನೆಂದು ಅವಳಿಗೆ ನೆಮ್ಮದಿಯೂ ಆಯಿತು.

ಕೊನೆಯ ಅಧ್ಯಾಯವನ್ನು ಮಾತ್ರ ಅವಳು ಮನೆಯಲ್ಲಿ ಓದಲಿಲ್ಲ. ಆ ಸುಖವನ್ನು ಎಲ್ಲರ ಜೊತೆ ಕೂತು ಉಣ್ಣುವ ಆಸೆ. ಆಸೆಗೆ ತಕ್ಕ ಶಾಸ್ತಿಯೂ ಆಯಿತು. ಇನ್ಸ್‌ಪೆಕ್ಟರು ಆಂಬುಲೆನ್ಸ್ ಚಾಲಕನೆದುರು ನಿಂತು, ನಿನ್ನನ್ನು ಒಬ್ಬರು ನೋಡಿದ್ದಾರೆ ಎಂದ. ಒದಾಲಿಸ್ ಆತುರದಿಂದ ಹಾಳೆ ತಿರುಗಿಸಿದಳು. ನೋಡಿದವನು ಕಿಟಕಿಯ ಹೊರಗೆ ನಿಂತಿದ್ದ ಮುದುಕ ಎಂದು ಓದಿ, ಅಲ್ಲಿಗೇ ನಿಂತಳು.

"ಯಾವ ಮುದುಕ?" ಎಂದಳು ಮಿಗ್ದಾಲಿಯ.

"ಯಾವ ಕಿಟಕಿ?" ಎಂದ ರಿಗೊಬೆರ್ತೊ. "ಇವ್ನೆಲ್ಲಿಂದ ಉದುರಿದ?"

ಒಂದು ಅಲಗು ನೆಲಕ್ಕೆ ಬಿತ್ತು. ಅದರ ಹಿಂದೆ ಇಡೀ ಸಾಲಿನವು ಬಿದ್ದವು.

"ಮೋಸ ಮಾಡಿದ್ದು ಬರೆದೋನಾ, ಓದೋಳಾ?" ಎಂದು ಯಾರೋ ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಒದಾಲಿಸ್ ಪುಸ್ತಕವನ್ನು ಎದೆಗೆ ಅವುಚಿಕೊಂಡಳು. ಪುಟ ಬಿಟ್ಟಿದ್ದೆ ಎಂದು ಒಪ್ಪಿಕೊಂಡಳು. ಯಾಕೆಂದು ಬಾಯಿ ಬಿಡಲಿಲ್ಲ, ಆದರೆ ಅವಳ ಕಣ್ಣು ಎವೆಲಿಯೊನ ಕಡೆ ಹೋಯಿತು, ಉಳಿದವರ ಕಣ್ಣೂ ಹಿಂದೆಯೇ ಹೋಯಿತು. ಪುಟ ನುಂಗುವವಳನ್ನು ಕಟ್ಟೆಯ ಮೇಲೆ ಇಟ್ಟುಕೊಳ್ಳುವ ಕಾರ್ಖಾನೆ ಆ ನಾಡಿನಲ್ಲಿಲ್ಲ. ಇನ್ನು ಕೈಗಳು ಮೇಲೇಳುವುದೊಂದೇ ಬಾಕಿ.

"ಆ ಪುಟ ಓದು," ಎಂದ ಎವೆಲಿಯೊ, ತಲೆಯೆತ್ತದೆ.

"ಬೇಡ, ಎವೆಲಿಯೊ ಮಾಮ. ಅದು ಆಸ್ಪತ್ರೇದು."

"ಮತ್ತೆ ನಾನೇನು ಸರ್ಕಸ್ಸಿನ ಕತೆ ಅಂದ್ಕೊಂಡು ಕೈಯೆತ್ತಿದ್ನಾ?" ಅವನು ಕೈಯಲ್ಲಿದ್ದ ಎಲೆಯನ್ನು ಮೇಜಿನ ಮೇಲೆ ಹರಡಿದ. "ಅವತ್ತು ಬಾಗ್ಲಲ್ಲಿ ನನ್ನ ಒಳಗೆ ಬಿಡ್ಲಿಲ್ಲ. ಈಗ ಕತೇಲೂ ಹೊರಗೇ ನಿಲ್ಸಿದ್ಯಲ್ಲ ಮಗಳೇ, ನೀನು."

ಒದಾಲಿಸ್‌ಗೆ ಅಳು ಒತ್ತರಿಸಿ ಬಂತು. ಅಳುತ್ತಾ ಓದುವವಳನ್ನು ಆ ಸಾಲುಗಳು ಸಹಿಸುವುದಿಲ್ಲ, ಹಾಗಾಗಿ ನೀರು ಕುಡಿದು ಓದಿದಳು. ಮುದುಕಿ ಸತ್ತಳು. ಮುದುಕ ಗಾಜಿಗೆ ಹಣೆಯೊತ್ತಿ ನಿಂತ. ಒಳಗೆ, ಪಕ್ಕದ ಹಾಸಿಗೆಯ ಉಸಿರಿನ ನಳಿಕೆಯ ಮೇಲೆ, ಅದನ್ನು ಸರಿಪಡಿಸುವವನಂತೆ, ಯಾರೋ ಒಬ್ಬ ಬಾಗಿದ್ದ. ಅವನ ಮಾಸ್ಕ್ ಜಾರಿತ್ತು.

ಓದಿ ಮುಗಿಸಿದಾಗ ಯಾರೂ ಅಲಗು ಮುಟ್ಟಲಿಲ್ಲ. ಎವೆಲಿಯೊ ಕರವಸ್ತ್ರ ತೆಗೆದು ಮೂಗು ಸೀಟಿಕೊಂಡ.

"ನಿಯೆವೆಸ್ ಇದ್ದಿದ್ರೆ ಆ ಚಾಲಕನ್ನ ಮೊದಲ್ನೇ ದಿನವೇ ಹಿಡಿದ್ಬಿಡ್ತಿದ್ಲು," ಎಂದ.

"ಹಿಡಿದು, ಗಟ್ಟಿಯಾಗಿ ಕೂಗಿ ಹೇಳಿ, ನಮ್ಗೆಲ್ಲ ಕತೆ ಕೆಡಿಸ್ತಿದ್ಲು," ಎಂದಳು ಮಿಗ್ದಾಲಿಯ ಮೆಲ್ಲಗೆ.

"ಪ್ರತೀ ಸಲ," ಎಂದ ಎವೆಲಿಯೊ.

"ಆ ಕುಂಟ ಪಾದ್ರಿ ಕತೇಲಿ ಮಾತ್ರ ತಪ್ಪು ಹೇಳಿದ್ಲು," ಎಂದ ರಿಗೊಬೆರ್ತೊ.

"ಅದ್ರಲ್ಲಿ ಬರೆದೋನೇ ತಪ್ಪು ಮಾಡಿದಾನೆ ಅಂತ ಸಾಯೋವರ್ಗೂ ವಾದ ಮಾಡಿದ್ಲು," ಎಂದ ಎವೆಲಿಯೊ.

ಆಮೇಲೆ ಒಂದೊಂದು ಮೇಜಿನಲ್ಲೂ ನಿಯೆವೆಸ್‌ಳ ಬಗ್ಗೆ ಒಂದೊಂದು ಮಾತಿತ್ತು. ಎಲ್ಲವನ್ನೂ ಎವೆಲಿಯೊ ಕೇಳಿಸಿಕೊಂಡ, ಎರಡನ್ನು ತಿದ್ದಿದ. ಒದಾಲಿಸ್ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಕಾದಳು. ಊಟದ ಗಂಟೆಯವರೆಗೂ ಆ ಕೊಲೆಗಾರನನ್ನು ಹಿಡಿಯಲು ಯಾರೂ ಬಿಡಲಿಲ್ಲ.