ನಾಲ್ಕನೇ ಸೋಮವಾರ

ಉದಯಗಿರಿಯ ಊದುಬತ್ತಿ ಶೆಡ್ಡಿನಲ್ಲಿ ಇಂದ್ರಮ್ಮ ಮತ್ತು ಚಾಮುಂಡಮ್ಮ ಹನ್ನೊಂದು ವರ್ಷ ಅಕ್ಕಪಕ್ಕದ ಮಣೆಯಲ್ಲಿ ಕೂತು ಕಡ್ಡಿ ಹೊಸೆದವರು. ಗಂಡ ಸತ್ತ ಮೇಲೆ, ತೊಂಬತ್ತಮೂರರಲ್ಲಿ, ಇಂದ್ರಮ್ಮ ಯೇಸುವನ್ನು ನಂಬಿ ದೀಕ್ಷಾಸ್ನಾನ ಮಾಡಿಸಿಕೊಂಡಳು. ಅಲ್ಲಿಂದಾಚೆಗೆ ತಮ್ಮಂದಿರು ಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸಿದರು. ಚಾಮುಂಡಮ್ಮ ಮಾತ್ರ ತನ್ನ ಡಬ್ಬಿಯ ಹುಳಿಯಲ್ಲಿ ಅರ್ಧ ಅವಳಿಗೆ ಬಡಿಸುವುದನ್ನು ಬಿಡಲಿಲ್ಲ.

ತನಗೆ ಸಿಕ್ಕ ನೆಮ್ಮದಿ ಅವಳಿಗೂ ಸಿಗಲಿ ಎಂಬ ಆಸೆ ಇಂದ್ರಮ್ಮನಿಗಿತ್ತು. ಪಾಸ್ಟರಂತೆ ಪ್ರಸಂಗ ಮಾಡಲು ಅವಳಿಗೆ ಬರುತ್ತಿರಲಿಲ್ಲ. ಇದ್ದಿಲ ಪುಡಿಯಲ್ಲಿ ಕೈ ಕರ್ರಗೆ ಮಾಡಿಕೊಂಡು ಕೂತಾಗ ನಡುನಡುವೆ ಒಂದೆರಡು ಮಾತು ಅಷ್ಟೆ: ಚರ್ಚಿನ ಸಭೆಗೆ ಹೋದ ದಿನವೇ ತಿಂಗಳುಗಟ್ಟಲೆ ಬಾರದ ನಿದ್ದೆ ಬಂದದ್ದು, ಗಂಡನ ಮೇಲಿದ್ದ ಸಿಟ್ಟು ಇಳಿದದ್ದು. "ಒಳ್ಳೇದಾಯ್ತು ಬುಡಕ್ಕ" ಎಂದು ಚಾಮುಂಡಮ್ಮ ನಗುತ್ತಿದ್ದಳು.

ತೊಂಬತ್ತೆಂಟರ ಮಳೆಗಾಲದಲ್ಲಿ ಚಾಮುಂಡಮ್ಮನ ಗಂಡ ಲಿಂಗರಾಜು ಹಾಸಿಗೆ ಹಿಡಿದ. ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಅವನದು. ಲಿವರ್ ಪೂರ್ತಿ ಹೋಗಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಐದು ಸೋಮವಾರ ನಂಜನಗೂಡಿಗೆ ಹೋಗಿ ಉರುಳುಸೇವೆ ಮಾಡುವುದಾಗಿ ಚಾಮುಂಡಮ್ಮ ಹರಕೆ ಹೊತ್ತಳು. ಮೂರು ಸೋಮವಾರ ಮುಗಿದರೂ ಅವನ ಹೊಟ್ಟೆಯ ಊತ ಇಳಿಯಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ಅವಳೇ ಕೇಳಿದಳು. "ಅಕ್ಕ, ನಿಮ್ ದೇವ್ರು ಉಳಿಸ್ಕೊಡ್ತಾನಾ?"

ಬೇಡಿಕೊಳ್ಳೋಣ, ಮಿಕ್ಕದ್ದು ಅವನ ಚಿತ್ತ ಎನ್ನಬೇಕಿತ್ತು. ಪಾಸ್ಟರು ಹೇಳಿಕೊಟ್ಟದ್ದೂ ಅಷ್ಟೇ. ಆದರೆ ಆ ಮುಖ ನೋಡಿ ಇಂದ್ರಮ್ಮನ ಬಾಯಿಂದ ಬೇರೆಯೇ ಬಂತು.

"ಉಳಿಸ್ತಾನೆ ಕಣೇ. ಆದ್ರೆ ಅಲ್ಲೂ ಕೈ ಮುಗ್ದು ಇಲ್ಲೂ ಕೈ ಮುಗಿದ್ರೆ ಆಗಲ್ಲ. ನಂಬಿದ್ರೆ ಒಬ್ಬನ್ನೇ ನಂಬ್ಬೇಕು."

ನಾಲ್ಕನೇ ಸೋಮವಾರ ಅತ್ತೆ ಎಷ್ಟು ಕೂಗಾಡಿದರೂ ಚಾಮುಂಡಮ್ಮ ನಂಜನಗೂಡಿಗೆ ಹೊರಡಲಿಲ್ಲ. ಇಂದ್ರಮ್ಮ ದಿನಾ ಸಂಜೆ ಅವರ ಮನೆಗೆ ಹೋಗಿ ಲಿಂಗರಾಜುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಅವನು ಅರ್ಧ ಲೋಟ ಗಂಜಿ ಕುಡಿದ ದಿನ ಹೆಂಗಸರಿಬ್ಬರೂ ಅಡುಗೆಮನೆಯಲ್ಲಿ ನಿಂತು ಅತ್ತರು. ಆ ವಾರ ಕಳೆಯುವುದರೊಳಗೆ ರಕ್ತ ವಾಂತಿ ಮಾಡಿಕೊಂಡು ಲಿಂಗರಾಜು ತೀರಿಕೊಂಡ.

ಹೆಣದ ಹತ್ತಿರ ಸುಳಿಯಲು ಅತ್ತೆ ಇಂದ್ರಮ್ಮನನ್ನು ಬಿಡಲಿಲ್ಲ. ತಿಥಿ ಕಳೆದ ಮೇಲೆ ಅವಳು ಅಳುಕುತ್ತಲೇ ಹೋದಳು. ಚಾಮುಂಡಮ್ಮ ಬಾಗಿಲು ತೆಗೆದು ಚಾಪೆ ಹಾಸಿದಳು.

"ತಪ್ಪಾಯ್ತು ಕಣೇ. ಉಳಿಸ್ತಾನೆ ಅಂತ ನಾನು ಹೇಳ್ಬಾರದಿತ್ತು."

"ನೀವೇನ್ ಮಾಡ್ತೀರಕ್ಕ. ಡಾಕ್ಟ್ರು ಮೊದ್ಲೇ ಹೇಳಿದ್ರು." ಚಾಮುಂಡಮ್ಮ ಸೆರಗಿನ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. "ಇನ್ನೆರಡು ವಾರ ಹೋಗಿದ್ರೆ ಉಳೀತಿದ್ದ ಅಂತ ನಮ್ಮತ್ತೆ ದಿನಾ ಅಂತದೆ. ನಂಗೂ ಅಂಗೇ ಅನ್ನಿಸ್ತದೆ. ದೀಪ ಹಚ್ಚೋಕೆ ಹೋದ್ರೆ, ಅರ್ಧಕ್ಕೆ ಬುಟ್ಟೋಳು ಯಾವ ಮುಖ ಇಟ್ಕೊಂಡು ಹಚ್ಚಲಿ ಅಂತ ಕೈ ಬರಲ್ಲ. ನಿಮ್ ದೇವ್ರನ್ನ ಕರೆಯೋಣ ಅಂದ್ರೆ ಬಾಯಿ ಬರಲ್ಲ. ಮೊದ್ಲು ಕಷ್ಟ ಹೇಳ್ಕೊಳ್ಳೋಕೆ ಒಂದು ಕಡೆ ಅಂತ ಇತ್ತು ಅಕ್ಕ."

ಸತ್ತವರು ಎದ್ದು ಬರುವ ದಿನದ ಬಗ್ಗೆ ಹೇಳಬೇಕೆಂದು ಇಂದ್ರಮ್ಮ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅದನ್ನು ಅವಳು ಈಗಲೂ ನಂಬಿದ್ದಳು. ಆದರೂ ಆ ಮಾತೆತ್ತದೆ, ಕೊಟ್ಟ ಕಾಫಿ ಕುಡಿದು ಎದ್ದಳು.

ಶೆಡ್ಡಿಗೆ ಮರಳಿದ ಚಾಮುಂಡಮ್ಮ, ಬೆಳಕು ಚೆನ್ನಾಗಿದೆ ಎಂದು ಬಾಗಿಲ ಬಳಿಯ ಮಣೆ ಕೇಳಿ ಪಡೆದಳು. ಎದುರು ಸಿಕ್ಕರೆ "ಊಟ ಆಯ್ತಾ ಅಕ್ಕ" ಎನ್ನುತ್ತಾಳೆ. ಇಂದ್ರಮ್ಮ ಆಯ್ತು ಎನ್ನುತ್ತಾಳೆ. ಪ್ರಾರ್ಥನೆಗೆ ಕೂತಾಗ ಮೊದಲು ಬಾಯಿಗೆ ಬರುವುದು ಚಾಮುಂಡಮ್ಮನ ಹೆಸರೇ. ಅವಳಿಗಾಗಿ ಏನು ಕೇಳಬೇಕು ಎಂಬುದು ಮಾತ್ರ ತೋಚುವುದಿಲ್ಲ.