ಕೃತ್ತಿಕೆಯ ಪಕ್ಕದ ಕತ್ತಲು

"ಸೂರ್ಯನ ಕಡೆಗೆ ಹಿಡಿದು ನೋಡಣ್ಣಯ್ಯ. ಗಾಜು, ಜ್ವಾಪಾನ," ಎಂದು ಸಿದ್ದರಾಜು ಪೆಟ್ಟಿಗೆಯಿಂದ ತೆಗೆದ, ಚುಕ್ಕಿಗಳ ಫೋಟೋ ಮೂಡಿದ್ದ ಗಾಜಿನ ಫಲಕವನ್ನು ಅಣ್ಣನ ಕೈಗಿಟ್ಟ. ಸುತ್ತಿದ್ದ ಕರಿ ಕಾಗದವನ್ನು ಬಿಡಿಸಲು ತಾನೇ ಕೈ ಚಾಚುವಷ್ಟರಲ್ಲಿ ಹಿತ್ತಲಿನಿಂದ ಅತ್ತಿಗೆ ನಿಂಗಮ್ಮ ಕೂಗಿದಳು. ಕರು ಹಗ್ಗ ಬಿಚ್ಚಿಕೊಂಡು ರಾಗಿ ಪೈರಿಗೆ ನುಗ್ಗಿತ್ತು. ಸಿದ್ದರಾಜು ಓಡಿಹೋಗಿ ಅದನ್ನು ಹಿಡಿದು ಕಟ್ಟಿ ಬಂದ.

ಕೆಂಪಣ್ಣ ಜಗಲಿಯ ಅಂಚಿಗೆ ಬಂದು ಬೆಳಗಿನ ಬಿಸಿಲಿಗೆ ಸರಿಯಾಗಿ ಮುಖವೊಡ್ಡಿ ನಿಂತಿದ್ದ. ಗಾಜನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದ. ಕರಿ ಕಾಗದ ಸುತ್ತಿದ ಹಾಗೇ ಇತ್ತು.

"ಎಷ್ಟೊಂದ್ ಚುಕ್ಕಿ ಕಣೋ ಸಿದ್ದ," ಅಂದ. "ನೋಡಿ ಕಣ್ಣು ತುಂಬೋಯ್ತು."

ಸಿದ್ದರಾಜು ಹತ್ತಿರ ಬಂದು ಅದನ್ನು ಅಣ್ಣನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ನೇಗಿಲು ಹಿಡಿದು ದಡ್ಡುಗಟ್ಟಿದ ಆ ಬೆರಳುಗಳಿಗೆ ಕಾಗದವೂ ಗಾಜೂ ಒಂದೇ ಆಗಿರಬೇಕು. "ಹೂಂ, ಅಣ್ಣಯ್ಯ," ಅಂದ.

ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡ ಮನೆತನ ಅವರದು. ತಂದೆ ತಾಯಿ ಪ್ಲೇಗಿನಲ್ಲಿ ಹೋದಾಗ ಸಿದ್ದರಾಜುವಿಗೆ ಇನ್ನೂ ನೆಟ್ಟಗೆ ಮಾತು ಬರುತ್ತಿರಲಿಲ್ಲ. ಕೆಂಪಣ್ಣ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಉತ್ತ. ನಿಂಗಮ್ಮ ಹೆತ್ತ ಒಂದೇ ಕೂಸು ಅಂಬೆಗಾಲಿಡುವ ಮೊದಲೇ ತೀರಿಕೊಂಡ ಮೇಲೆ ಆ ಮನೆಗೆ ಮಗ ಎಂದರೆ ಇವನೇ. ಮಡಿಕೇರಿಯಲ್ಲಿ ಓದಿದ, ಮೈಸೂರಿನಲ್ಲಿ ಓದಿದ, ಕೊನೆಗೆ ತಮಿಳು ಸೀಮೆಯ ಬೆಟ್ಟದ ಮೇಲಿನ ವೀಕ್ಷಣಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ. "ನಿನ್ ತಮ್ಮ ಜೋಯಿಸನಾ?" ಎಂದು ಸಂತೆಯಲ್ಲಿ ಯಾರಾದರೂ ಕೇಳಿದರೆ ಕೆಂಪಣ್ಣನಿಗೆ ಸಿಟ್ಟು ಬರುತ್ತಿತ್ತು. "ಅಲ್ಲ. ಚುಕ್ಕಿ ಹೆಂಗ್ ಹುಟ್ತವೆ ಅಂತ ನೋಡ್ತಾನೆ," ಅನ್ನುತ್ತಿದ್ದ.

ಅದು ನಿಜವೇ ಆಗಿತ್ತು. ನಕ್ಷತ್ರಗಳೆಲ್ಲ ಯಾವುದೋ ಕಾಲದಲ್ಲಿ ಒಮ್ಮೆಗೇ ಹುಟ್ಟಿ ಮುಗಿದವು ಎಂದು ಹಿರಿಯ ವಿಜ್ಞಾನಿಗಳು ಹೇಳುತ್ತಿದ್ದಾಗ, ಇಲ್ಲ, ಈಗಲೂ ಹುಟ್ಟುತ್ತಿವೆ ಎಂದು ನಂಬಿದವರಲ್ಲಿ ಸಿದ್ದರಾಜು ಒಬ್ಬ. ಕೃತ್ತಿಕೆಯ ಪಕ್ಕದಲ್ಲಿ ಒಂದು ಕಪ್ಪು ತುಂಡಿತ್ತು. ನೋಡುವವರಿಗೆ ಅದು ಬರಿದಾದ ಜಾಗ. ಅವನಿಗೆ ಅದು ಧೂಳಿನ ದಟ್ಟ ಮೋಡ. ತನ್ನ ಭಾರಕ್ಕೆ ತಾನೇ ಕುಸಿದು, ಗಟ್ಟಿಯಾಗಿ, ಕಾದು, ಅದರೊಳಗೆ ನಕ್ಷತ್ರಗಳು ಕೂಡಿಕೊಳ್ಳುತ್ತಿವೆ ಎಂಬುದು ಅವನ ವಾದ. ಬೆಟ್ಟದ ಮೇಲಿನ ಸಣ್ಣ ದೂರದರ್ಶಕದಲ್ಲಿ ವರ್ಷಗಟ್ಟಲೆ ಅದೊಂದನ್ನೇ ಫೋಟೋ ಹಿಡಿದಿದ್ದ. ಒಳಗಿರುವುದನ್ನು ಹಿಡಿಯಲು ಆ ಕನ್ನಡಿ ಸಾಲದು. ಈಗ ಅಮೆರಿಕದವರು ತಮ್ಮ ದೊಡ್ಡ ದೂರದರ್ಶಕದಲ್ಲಿ ನೋಡಲು ಬಾ ಎಂದು ಕರೆದಿದ್ದರು. ಬೊಂಬಾಯಿಯಿಂದ ಹಡಗು. ಹೇಳಿ ಹೋಗೋಣವೆಂದು ಊರಿಗೆ ಬಂದಿದ್ದ.

ನಿಂಗಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಅವನು ಬಂದು ನಿಂತದ್ದನ್ನು ನೋಡಿ ಬಾಚುವುದನ್ನು ನಿಲ್ಲಿಸಿದಳು.

"ಯಾವಾಗ್ಲಿಂದ ಅತ್ತಿಗೆ?"

ಅವಳು ತಿಳಿಯದವಳಂತೆ ನಟಿಸಲಿಲ್ಲ. "ಮೊದ್ಲು ಪಕ್ಕದ್ದು ಕಾಣ್ದಂಗಾಯ್ತು. ಎತ್ತು ಮುಟ್ದಾಗ್ಲೇ ಗೊತ್ತಾಗ್ತಿತ್ತಂತೆ. ಹೋದ ಸುಗ್ಗಿ ಕಳ್ಯೋವತ್ಗೆ ಪೂರಾ ಹೋಯ್ತು."

"ನಂಗೆ ಹೇಳ್ಲಿಲ್ಲ ನೀವು."

"ನನ್ ತಲೆ ಮುಟ್ಟಿ ಆಣೆ ಮಾಡಿಸ್ಕಂಡ್ರು ಕಣಪ್ಪ. ಅವ್ನು ಹಡಗು ಹತ್ಲಿ, ಆಮೇಲೆ ಬೇಕಾದ್ರೆ ತಮಟೆ ಹೊಡ್ಸು ಅಂದ್ರು. ನೀನ್ ಬತ್ತೀಯ ಅಂತ ತಿಳ್ದಾಗ್ಲಿಂದ ಮನೇಲೆಲ್ಲ ಗ್ವಾಡೆ ಮುಟ್ದೆ ನಡ್ಯೋದು ಕಲ್ತವ್ರೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬಿದ್ದು ಬಿದ್ದು ಕಲ್ತವ್ರೆ."

ಮಾರನೆಯ ದಿನ ಸಿದ್ದರಾಜು ಅಣ್ಣನನ್ನು ಮೈಸೂರಿಗೆ ಕರೆದುಕೊಂಡು ಹೋದ. ಎಲ್ಲಿಗೆ, ಯಾಕೆ ಎಂದು ಕೆಂಪಣ್ಣ ಕೇಳಲಿಲ್ಲ. ಬಸ್ಸು ಹುಣಸೂರು ದಾಟಿದ ಮೇಲೆ, "ನಿಂಗಿ ಬಾಯ್ ಬಿಟ್ಲಾ?" ಎಂದಷ್ಟೇ ಅಂದ.

"ಇಲ್ಲ. ಗಾಜಿನ್ ಮೇಲಿನ್ ಕಾಗದ ತೆಗ್ದಿರ್ಲಿಲ್ಲ ಅಣ್ಣಯ್ಯ."

ಕೆಂಪಣ್ಣ ನಕ್ಕ. "ಹಾಳಾದ್ದು," ಅಂದ. ನಗು ಮುಗಿಯುವ ಮೊದಲೇ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ.

ಕಣ್ಣಿನ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರವೇ ಒಣಗಿದ್ದು, ಹೋದ ಬೆಳಕು ಹೋದದ್ದೇ ಎಂದರು. ಕೆಂಪಣ್ಣ ಅವರಿಗೆ ಕೈ ಮುಗಿದ. ಹೊರಗೆ ಬಂದು, "ಆಯ್ತಲ್ಲ, ಗೊತ್ತಾಯ್ತಲ್ಲ. ಈಗ ನೀನ್ ಹೊರಡು," ಅಂದ. "ಹೊಲ ಬೇರೆಯೋರ್ಗೆ ವಾರಕ್ಕೆ ಕೊಡ್ತೀನಿ. ನಿಂಗಿ ಅವ್ಳೆ. ಕುಲ್ಡನ್ ಜೊತೆ ನೀನೂ ಯಾಕ್ ಕಣ್ ಕಳ್ಕಂತೀಯ?"

"ಹೂಂ, ಹೋಗ್ತೀನಿ," ಎಂದ ಸಿದ್ದರಾಜು. ಆಗ ಅವನು ಹೋಗುವವನೇ ಆಗಿದ್ದ.

ಕುಶಾಲನಗರದಲ್ಲಿ ಇಳಿದಾಗ ಬಸ್ಸಿನ ಮೇಲಿಂದ ಚೀಲ ಇಳಿಸಿಕೊಳ್ಳಲು ಅವನು ಅಣ್ಣನ ಕೈ ಬಿಟ್ಟ. ತಿರುಗಿ ನೋಡಿದರೆ ಕೆಂಪಣ್ಣ ಅಲ್ಲಿರಲಿಲ್ಲ. ಪಂಚೆ ಸರಿಮಾಡಿಕೊಂಡು, ತಲೆ ಎತ್ತಿ, ಊರಿನ ಗೌಡನ ಹಾಗೆ ರಸ್ತೆಯ ನಡುವೆ ಹೊಳೆಯ ಕಡೆಗೆ ನಡೆಯುತ್ತಿದ್ದ. ಮನೆಯಿದ್ದದ್ದು ಇನ್ನೊಂದು ದಿಕ್ಕಿಗೆ. ಮರದ ದಿಮ್ಮಿ ತುಂಬಿದ ಲಾರಿಯೊಂದು ಸೇತುವೆ ದಾಟಿ ಬಂದು ಹಾರನ್ ಹೊಡೆಯಿತು. ಕೆಂಪಣ್ಣ ನಿಂತ. ಯಾವ ಕಡೆ ಸರಿಯಬೇಕೆಂದು ತಿಳಿಯದೆ ನಿಂತಲ್ಲೇ ನಿಂತು, ನೋಡುವವರಿಗೆ ಗೊತ್ತಾಗದಿರಲೆಂದು, ಲಾರಿಯ ಕಡೆಗೆ ಮುಖ ಮಾಡಿ ಪರಿಚಯದವರನ್ನು ಕಂಡವನ ಹಾಗೆ ನಗುತ್ತಿದ್ದ. ಡ್ರೈವರು ಮಲಯಾಳದಲ್ಲಿ ಬೈದು ಬ್ರೇಕು ಹಾಕಿದ. ಸಿದ್ದರಾಜು ಚೀಲ ಬಿಸಾಡಿ ಓಡಿದ.

ವಾರದ ನಂತರ ಊಟದ ಹೊತ್ತಿನಲ್ಲಿ, "ಅಮೆರಿಕದೋರು ಬೇಡ ಅಂದ್ರಂತೆ ಅಣ್ಣಯ್ಯ. ಬೇರೆ ಯಾರನ್ನೋ ತಗಂಡ್ರಂತೆ," ಎಂದು ಹೇಳಿದ.

ಕೆಂಪಣ್ಣನ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು. "ಕರ್ದು ಬೇಡ ಅಂತಾರಾ?" ಅಂದ. ಆ ದಿನ ಅವನು ಮತ್ತೆ ಊಟ ಮಾಡಲಿಲ್ಲ. ಆ ವಾರವೆಲ್ಲ ಅಂಚೆಯವನು ಮನೆಗೆ ಬಂದಿರಲಿಲ್ಲ; ನಿಂಗಮ್ಮ ಒಲೆಯ ಮುಂದೆ ಕೂತು ಮೈದುನನ ಮುಖವನ್ನೇ ನೋಡುತ್ತಿದ್ದಳು. ಅವನು ತಲೆ ಎತ್ತಲಿಲ್ಲ.

ಬೆಟ್ಟದ ಮೇಲಿನ ಕೆಲಸವನ್ನೂ ಬಿಟ್ಟು ಸಿದ್ದರಾಜು ಮಡಿಕೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಲು ಸೇರಿಕೊಂಡ. ಶನಿವಾರ ಸುಂಟಿಕೊಪ್ಪದ ಮೇಲೆ ಬರುವ ಬಸ್ಸಿಗೆ ಊರಿಗೆ ಬಂದು, ಭಾನುವಾರ ಹೊಲದ ಕೆಲಸ ನೋಡಿ, ಸೋಮವಾರ ಹಿಂತಿರುಗುತ್ತಿದ್ದ. ಕೊಡಗು ಮೈಸೂರಿಗೆ ಸೇರುತ್ತದೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ವರ್ಷ, ಗೆಳೆಯನೊಬ್ಬ ಬೆಟ್ಟದಿಂದ ಕಳಿಸಿದ ಪತ್ರಿಕೆಯಲ್ಲಿ ಅವನು ತನ್ನ ಕಪ್ಪು ತುಂಡಿನ ಚಿತ್ರವನ್ನು ಕಂಡ. ಅದರ ಅಂಚಿನಲ್ಲಿ, ಧೂಳಿನಿಂದ ಈಗಷ್ಟೇ ಹೊರಬರುತ್ತಿರುವ ಎಳೆಯ ನಕ್ಷತ್ರಗಳನ್ನು ಅಮೆರಿಕದವನೊಬ್ಬ ಗುರುತಿಸಿದ್ದ. ಸಿದ್ದರಾಜು ಹುಡುಕಬೇಕೆಂದಿದ್ದ ಜಾಗದಲ್ಲೇ ಅವು ಇದ್ದವು. ಅವನು ಎರಡು ಸಲ ಓದಿದ. ಗಂಟೆ ಹೊಡೆಯಿತು. ಕ್ಲಾಸಿಗೆ ಹೋಗಿ ಉಷ್ಣದ ಪಾಠವನ್ನು ಬಿಟ್ಟಲ್ಲಿಂದ ಮುಂದುವರಿಸಿದ.

ಆ ಶನಿವಾರ ಊರಿಗೆ ಬಂದಾಗ ಕತ್ತಲಾಗಿತ್ತು. ಮಾಘದ ಚಳಿ. ಕೆಂಪಣ್ಣ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದ. ಸಿದ್ದರಾಜು ಪಕ್ಕದಲ್ಲಿ ಕೂತ. ನೆತ್ತಿಯ ಮೇಲೆ ಕೃತ್ತಿಕೆ ಗೊಂಚಲಾಗಿ ಹೊಳೆಯುತ್ತಿತ್ತು. ಆಕಾಶದಲ್ಲಿ ಒಂದು ಎಳೆ ಮೋಡವಿರಲಿಲ್ಲ.

"ಆಕಾಶ ಹೆಂಗೈತೆ ಸಿದ್ದ? ನೋಡ್ದಾ ಇವತ್ತು?"

"ಪೂರಾ ಮೋಡ ಅಣ್ಣಯ್ಯ. ಏನೂ ಕಾಣ್ತಿಲ್ಲ."

ಕೆಂಪಣ್ಣ ಅಂಗಳದ ಕಡೆಗೆ ಬಾಗಿ, ಜಗಲಿಗೆ ಒರಗಿಸಿದ್ದ ಹುಲ್ಲಿನ ಹೊರೆಯ ಮೇಲೆ ಕೈ ಆಡಿಸಿದ. ಮೋಡವಿಲ್ಲದ ರಾತ್ರಿಯ ಚಳಿಗಷ್ಟೇ ಬೀಳುವ ಇಬ್ಬನಿಗೆ ಹುಲ್ಲೆಲ್ಲ ಆಗಲೇ ನೆನೆದಿತ್ತು. ಒದ್ದೆಯಾದ ಅಂಗೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಕಂಬಳಿಗೆ ಒರೆಸಿಕೊಂಡ.

"ಮೋಡವೇ ಇರ್ಬೇಕು," ಅಂದ. ಕಂಬಳಿಯ ಒಂದು ತುದಿಯನ್ನು ಎತ್ತಿ ತಮ್ಮನ ಹೆಗಲಿನ ಮೇಲೆ ಎಳೆದ.